ಓರೆಯಕ್ಷರ: ಕನ್ನಡ ಅಚ್ಚಿನಲ್ಲಿ ಇಟಾಲಿಕ್‌ನ ವಿನ್ಯಾಸ ಮತ್ತು ಬಳಕೆ

ಬಲಕ್ಕೆ ವಾಲಿದ, ಕೈಬರಹದ ಓಟವನ್ನು ಅಚ್ಚಿನಲ್ಲಿ ಹಿಡಿದಿಟ್ಟ ಅಕ್ಷರಶೈಲಿಗೆ ಓರೆಯಕ್ಷರ ಅಥವಾ ಇಟಾಲಿಕ್ ಎಂದು ಹೆಸರು. ರೋಮನ್ ಲಿಪಿಯ ಪುಸ್ತಕಗಳಲ್ಲಿ ಇದು ಐನೂರು ವರ್ಷಗಳಿಂದ ಬಳಕೆಯಲ್ಲಿದೆ. ಪುಸ್ತಕದ ಹೆಸರು, ಪರಭಾಷೆಯ ಮಾತು, ಗಿಡಮೂಲಿಕೆಯ ಶಾಸ್ತ್ರೀಯ ಹೆಸರು, ಒತ್ತಿ ಹೇಳಬೇಕಾದ ಪದ, ಇವೆಲ್ಲ ಅಲ್ಲಿ ಓರೆಯಾಗಿಯೇ ಬರುತ್ತವೆ. ಕನ್ನಡದಲ್ಲಿ ಅದು ವ್ಯಾಪಕವಾಗಿ ಬಳಕೆಗೆ ಬಂದದ್ದು ಬಹಳ ತಡವಾಗಿ, ಕಂಪ್ಯೂಟರ್ ಅಕ್ಷರಜೋಡಣೆಯ ಬೆನ್ನ ಹಿಂದೆ. ಬಂದ ರೀತಿಯೂ ಬೇರೆ. ಕನ್ನಡದ ಓರೆಯಕ್ಷರ ಎಂದು ನಾವು ಇಂದು ನೋಡುವುದರಲ್ಲಿ ಬಹುಪಾಲು ನೆಟ್ಟಗಿನ ಅಕ್ಷರವನ್ನು ಯಂತ್ರ ಪಕ್ಕಕ್ಕೆ ತಳ್ಳಿದ ರೂಪ. ಅದನ್ನು ಯಾರೂ ಓರೆಯಾಗಿಯೇ ಬರೆದು ರೂಪಿಸಿದ್ದಲ್ಲ. ಈ ಎರಡರ ನಡುವಿನ ಅಂತರ ಲಗ್ನಪತ್ರಿಕೆಯ ಒಂದು ಹೆಸರಿನಲ್ಲೂ ಅಂಗಡಿಯ ಒಂದು ಫಲಕದಲ್ಲೂ ಕಣ್ಣಿಗೆ ಬೀಳುತ್ತದೆ. ಧಾರವಾಡ ಜಿಲ್ಲೆಯ ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ಭಾಗದಲ್ಲಿ ಬರಹ ಕಲ್ಲಿನಿಂದ ಫ್ಲೆಕ್ಸ್‌ವರೆಗೆ ನಡೆದ ಹಾದಿ ಒಂದೇ ಕಡೆ ಸಿಗುವುದರಿಂದ ಇಲ್ಲಿನ ಉದಾಹರಣೆಗಳನ್ನೇ ಮುಂದಿಟ್ಟುಕೊಂಡು ವಿಷಯವನ್ನು ನೋಡಬಹುದು.

ವೆನಿಸ್‌ನ ಮೂಲ

ಓರೆಯಕ್ಷರ ಹುಟ್ಟಿದ್ದು ಇಟಲಿಯ ವೆನಿಸ್‌ನಲ್ಲಿ. ಪ್ರಕಾಶಕ ಆಲ್ಡಸ್ ಮನುಶಿಯಸ್ 1501ರಲ್ಲಿ ವರ್ಜಿಲ್ ಕವಿಯ ಕೃತಿಗಳನ್ನು ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ಪುಸ್ತಕವಾಗಿ ತಂದ. ಇಡೀ ಪುಸ್ತಕ ಓರೆಯಕ್ಷರದಲ್ಲೇ ಇತ್ತು. ಅದರ ಅಚ್ಚುಮೊಳೆ ಕೊರೆದವನು ಬೊಲೊನ್ಯದ ಫ್ರಾನ್ಸೆಸ್ಕೊ ಗ್ರಿಫೊ. ಅವನ ಮುಂದೆ ಮಾದರಿಯಾಗಿ ಇದ್ದದ್ದು ಆ ಕಾಲದ ಇಟಲಿಯ ವಿದ್ವಾಂಸರೂ ಕಚೇರಿಯ ಬರಹಗಾರರೂ ವೇಗವಾಗಿ ಬರೆಯುತ್ತಿದ್ದ ಓಟದ ಕೈಬರಹ. ದೊಡ್ಡಕ್ಷರಗಳು ನೆಟ್ಟಗೆ, ಚಿಕ್ಕದಾಗಿ ಇದ್ದವು, ಸಣ್ಣಕ್ಷರಗಳಷ್ಟೇ ಬಾಗಿದ್ದವು. ಪಕ್ಕಪಕ್ಕದ ಅಕ್ಷರಗಳು ಕೂಡಿಕೊಂಡ ಜೋಡಿಮೊಳೆಗಳು ಹೇರಳವಾಗಿದ್ದವು. ರೋಮ್‌ನ ಲುಡೊವಿಕೊ ಅರ್ರಿಗಿ 1520ರ ದಶಕದಲ್ಲಿ ಇದೇ ಬರಹವನ್ನು ಕಲಿಸುವ ಕೈಪಿಡಿಯನ್ನೂ ತಂದ, ಇನ್ನಷ್ಟು ನಾಜೂಕಾದ ಓರೆಮೊಳೆಗಳನ್ನೂ ಮಾಡಿಸಿದ. ಅದೇ ಶತಮಾನದಲ್ಲಿ ಫ್ರಾನ್ಸಿನ ರಾಬರ್ಟ್ ಗ್ರಾಂಜೋ ಕೊರೆದ ಮೊಳೆಗಳು ಯುರೋಪಿನ ಮುದ್ರಣಾಲಯಗಳಿಗೆಲ್ಲ ಹಬ್ಬಿದವು.

ಮೊದಲು ಓರೆಯಕ್ಷರ ನೆಟ್ಟಗಿನ ಅಕ್ಷರದ ಸಹಾಯಕನಾಗಿರಲಿಲ್ಲ, ತಾನೇ ಒಂದು ಪುಸ್ತಕಾಕ್ಷರವಾಗಿತ್ತು. ಒಂದೇ ಸಾಲಿನಲ್ಲಿ ಎರಡನ್ನೂ ಬೆರೆಸಿ, ಓರೆಗೆ ಬೇರೆ ದನಿಯ ಕೆಲಸ ಕೊಡುವ ವಾಡಿಕೆ ನಂತರ ಬೆಳೆಯಿತು. ಸೆರಿಫ್ ಎಂಬ ಕಾಲ್ತುದಿಯ ಚಾಚು ನೆಟ್ಟಗಿನ ರೋಮನ್ ಅಕ್ಷರದಲ್ಲಿ ಕಲ್ಲಿಗೆ ಕಂಡರಿಸಿದಂತೆ ಅಡ್ಡಲಾಗಿ ನಿಂತಿದ್ದರೆ, ಓರೆಯಕ್ಷರದಲ್ಲಿ ಅದೇ ಚಾಚು ಲೇಖನಿ ಕಾಗದಕ್ಕೆ ತಾಗಿದ ಮೊದಲ ಎಳೆ ಮತ್ತು ಬಿಟ್ಟ ಕೊನೆಯ ಎಳೆಯಾಗಿ ಬದಲಾಗುತ್ತದೆ. ಅಕ್ಷರ ಕಿರಿದಾಗುತ್ತದೆ, ಕೆಲವು ಅಕ್ಷರಗಳ ಆಕಾರವೇ ಬೇರೆಯಾಗುತ್ತದೆ. ಬಾಗು ಇವೆಲ್ಲದರ ಜೊತೆಗೆ ಬಂದ ಒಂದು ಲಕ್ಷಣ ಅಷ್ಟೆ. ಬ್ರಿಟನ್ನಿನ ಸ್ಟ್ಯಾನ್ಲಿ ಮಾರಿಸನ್ 1926ರಲ್ಲಿ ಇದಕ್ಕೆ ವಿರುದ್ಧವಾಗಿ ವಾದಿಸಿ, ನೆಟ್ಟಗಿನ ಅಕ್ಷರವನ್ನೇ ಓರೆ ಮಾಡಿದರೆ ಸಾಕು, ಪುಟ ಒಂದೇ ಸಮನಾಗಿ ಕಾಣುತ್ತದೆ ಎಂದ. ಆದರೆ 1932ರಲ್ಲಿ ಅವನ ಮೇಲ್ವಿಚಾರಣೆಯಲ್ಲೇ ಬಂದ ಟೈಮ್ಸ್ ನ್ಯೂ ರೋಮನ್‌ಗೆ ಹಳೆಯ ರೀತಿಯ, ಬೇರೆ ಆಕಾರದ ಓರೆಯಕ್ಷರವನ್ನೇ ಜೋಡಿಸಲಾಯಿತು. ಮಾರಿಸನ್‌ನ ವಾದ ಇಂಗ್ಲಿಷಿನಲ್ಲಿ ಗೆಲ್ಲದಿದ್ದರೂ, ಯಾರೂ ಕೇಳದೆಯೇ, ಅದು ಕನ್ನಡದಲ್ಲಿ ಜಾರಿಗೆ ಬಂದಿದೆ.

ಧಾರವಾಡ ಸೀಮೆಯ ಮಾತುಗಳು ಓರೆಯಕ್ಷರದಲ್ಲಿ ಅಚ್ಚಾದದ್ದೂ ಮೊದಲಿಗೆ ಇಂಗ್ಲಿಷಿನ ಮೂಲಕ. 1884ರ ಮುಂಬಯಿ ಗೆಜೆಟಿಯರಿನ ಧಾರವಾಡ ಸಂಪುಟದಂಥ ಗ್ರಂಥಗಳಲ್ಲಿ ಜೋಳ, ಕುಸುಬಿಯಂಥ ಊರಿನ ಪದಗಳು ರೋಮನ್ ಲಿಪಿಗೆ ಇಳಿದು, ಪರಭಾಷೆಯ ಪದಗಳೆಂಬ ಗುರುತಿಗಾಗಿ ಓರೆಯಾಗಿ ನಿಲ್ಲುತ್ತಿದ್ದವು. ಶಾಸನಗಳ ಇಂಗ್ಲಿಷ್ ಅನುವಾದಗಳಲ್ಲಿ ಮತ್ತರು, ಕಮ್ಮ ಎಂಬ ಭೂಮಿಯ ಅಳತೆಗಳಿಗೂ ಇದೇ ಗತಿ. ನಮ್ಮ ಹೊಲದ ಮಾತು ಇನ್ನೊಬ್ಬರ ಪುಟದಲ್ಲಿ ವಾಲಿ ನಿಂತದ್ದು ಹೀಗೆ.

ಕನ್ನಡ ಅಕ್ಷರ ವಾಲಿದಾಗ

ರೋಮನ್ ಅಕ್ಷರ ಒಂದು ಗೆರೆಯ ಮೇಲೆ ಸಾಲಾಗಿ ನಿಲ್ಲುತ್ತದೆ. ಕನ್ನಡದ ಅಕ್ಷರ ಮೂರು ಅಂತಸ್ತಿನದು. ನಡುವೆ ಮೂಲಾಕ್ಷರದ ದುಂಡು ಒಡಲು; ಮೇಲೆ ತಲೆಕಟ್ಟು, ಗುಡಿಸು, ಏತ್ವ; ಕೆಳಗೆ ಒತ್ತು, ವಟ್ರಸುಳಿ. ಬಲಕ್ಕೆ ಕೊಂಬು, ದೀರ್ಘ, ಅರ್ಕಾವೊತ್ತು, ಸೊನ್ನೆ. ಇಷ್ಟು ಅಂಗಗಳಿರುವ ಅಕ್ಷರವನ್ನು ಬುಡದ ಗೆರೆಯನ್ನು ಹಿಡಿದು ಬಲಕ್ಕೆ ತಳ್ಳಿದರೆ, ಗೆರೆಯ ಮೇಲಿರುವುದೆಲ್ಲ ಬಲಕ್ಕೆ ಹೋಗುತ್ತದೆ, ಗೆರೆಯ ಕೆಳಗಿರುವುದೆಲ್ಲ ಎಡಕ್ಕೆ ಹೋಗುತ್ತದೆ.

ಲೆಕ್ಕ ಹಾಕಿ ನೋಡಬಹುದು. ಅಕ್ಷರದ ಎತ್ತರವನ್ನು 1000 ಘಟಕಗಳ ಚೌಕದಲ್ಲಿ ಬಿಡಿಸಿದೆ ಎಂದುಕೊಳ್ಳೋಣ. ಬಾಗು 12 ಡಿಗ್ರಿ. ಬುಡಗೆರೆಯಿಂದ 600 ಘಟಕ ಮೇಲಿರುವ ಗುಡಿಸು ಸುಮಾರು 128 ಘಟಕ ಬಲಕ್ಕೆ ಸರಿಯುತ್ತದೆ. 350 ಘಟಕ ಕೆಳಗಿರುವ ಒತ್ತಿನ ತುದಿ ಸುಮಾರು 74 ಘಟಕ ಎಡಕ್ಕೆ ಸರಿಯುತ್ತದೆ. ಎರಡೂ ಸೇರಿ 202 ಘಟಕ, ಅಂದರೆ ಅಕ್ಷರದ ಗಾತ್ರದ ಐದರಲ್ಲಿ ಒಂದು ಭಾಗ. 14 ಪಾಯಿಂಟಿನ ಅಕ್ಷರದಲ್ಲಿ ಇದು ಸುಮಾರು 1 ಮಿಲಿಮೀಟರ್. ಕೇಳಲು ಅಲ್ಪ. ಆದರೆ ಅಷ್ಟು ಚಿಕ್ಕ ಅಕ್ಷರದಲ್ಲಿ ಗುಡಿಸಿಗೂ ಒತ್ತಿಗೂ ನಡುವೆ ಇಷ್ಟು ಎಳೆತ ಬಿದ್ದರೆ ಒಂದೇ ಅಕ್ಷರದ ಎರಡು ಅಂಗಗಳು ಬೇರೆ ಬೇರೆ ಅಕ್ಷರಕ್ಕೆ ಸೇರಿದಂತೆ ಕಾಣತೊಡಗುತ್ತವೆ.

ಊರುಗಳ ಹೆಸರನ್ನೇ ಓರೆ ಮಾಡಿ ನೋಡಿದರೆ ಇದು ಸ್ಪಷ್ಟವಾಗುತ್ತದೆ. ‘ಕಲಘಟಗಿ’ಯಲ್ಲಿ ಒತ್ತೇ ಇಲ್ಲ, ಐದು ಅಕ್ಷರಗಳೂ ಗೆರೆಯ ಮೇಲೆಯೇ ಇವೆ. ತಳ್ಳಿದರೆ ಒಟ್ಟಿಗೆ ವಾಲುತ್ತವೆ, ನೋಡಲು ತೊಂದರೆಯಿಲ್ಲ. ‘ನವಲಗುಂದ’ವೂ ಹಾಗೆಯೇ, ಕೊಂಬು ಮತ್ತು ಸೊನ್ನೆಯನ್ನು ಬಿಟ್ಟರೆ. ದುಂಡಗಿರಬೇಕಾದ ಸೊನ್ನೆ ಒತ್ತಿದ ಮೊಟ್ಟೆಯ ಆಕಾರಕ್ಕೆ ಬರುತ್ತದೆ, ಅಷ್ಟೆ. ‘ಕುಂದಗೋಳ’ದಲ್ಲಿ ಓತ್ವದ ಸುರುಳಿಯೂ ದೀರ್ಘವೂ ಬಲಕ್ಕೆ ಚಾಚಿ ‘ಳ’ದ ಎದೆಗೆ ಹತ್ತಿರ ಬರುತ್ತವೆ. ‘ಅಣ್ಣಿಗೇರಿ’ಯಲ್ಲಿ ನಿಜವಾದ ಪೇಚು. ‘ಣ್ಣಿ’ ಎಂಬ ಒಂದೇ ಅಕ್ಷರದ ತಲೆಯ ಮೇಲೆ ಗುಡಿಸು, ಬಲಬುಡದಲ್ಲಿ ಒತ್ತು. ವಾಲಿಸಿದ ಕೂಡಲೇ ಗುಡಿಸು ‘ಗೇ’ಯ ಕಡೆಗೆ ಚಾಚುತ್ತದೆ, ಬಲಕ್ಕಿದ್ದ ಒತ್ತು ‘ಣ’ದ ಹೊಟ್ಟೆಯ ಕೆಳಗೆ ನುಗ್ಗುತ್ತದೆ. ‘ಹುಬ್ಬಳ್ಳಿ’ಯಲ್ಲಿ ಒಂದರ ಹಿಂದೆ ಒಂದು ಎರಡು ಒತ್ತು, ಎರಡೂ ತಮ್ಮ ಮೂಲಾಕ್ಷರದಿಂದ ಎಡಕ್ಕೆ ಜಾರುತ್ತವೆ.

‘ಧಾರವಾಡ’ದ ತೊಂದರೆ ಇನ್ನೊಂದು ಬಗೆಯದು. ‘ದ’, ‘ಧ’, ‘ಥ’ ಮೂರಕ್ಕೂ ಒಡಲು ಒಂದೇ. ‘ಧ’ಕ್ಕೆ ಬುಡದಲ್ಲಿ ಒಂದು ಸಣ್ಣ ಸೀಳುಗೆರೆ, ‘ಥ’ಕ್ಕೆ ಆ ಸೀಳಿನ ಜೊತೆಗೆ ಹೊಟ್ಟೆಯಲ್ಲಿ ಒಂದು ಚುಕ್ಕೆ. ಮಹಾಪ್ರಾಣವೆಲ್ಲ ಆ ಎಳೆಯಲ್ಲಿದೆ. ನೆಟ್ಟಗಿನ ಅಕ್ಷರದಲ್ಲಿ ಆ ಸೀಳು ನೇರವಾಗಿ ಕೆಳಗಿಳಿದು ಬೇರೆಯಾಗಿ ಕಾಣುತ್ತದೆ. ಓರೆ ಮಾಡಿದಾಗ ಅದೂ ವಾಲಿ, ಪಕ್ಕದ ಬಾಗಿದ ಗೆರೆಯ ಜೊತೆ ಸಮಾನಾಂತರವಾಗಿ, ಸಣ್ಣ ಗಾತ್ರದಲ್ಲಿ ಮಸಿ ತುಂಬಿ ಮುಚ್ಚಿಹೋಗುತ್ತದೆ. ಜಿಲ್ಲೆಯ ಹೆಸರೇ ‘ದಾರವಾಡ’ ಆಗಿಬಿಡುತ್ತದೆ. ‘ಡ’ ಮತ್ತು ‘ಢ’, ‘ಪ’ ಮತ್ತು ‘ಫ’ ಜೋಡಿಗಳಿಗೂ ಇದೇ ಅಪಾಯ.

ದುಂಡಿನದೂ ಒಂದು ಮಾತಿದೆ. ಕನ್ನಡದ ಬಹುತೇಕ ಅಕ್ಷರಗಳ ಜೀವ ವೃತ್ತದಲ್ಲಿದೆ; ‘ಠ’ವಂತೂ ಬಹುಮಟ್ಟಿಗೆ ಪೂರ್ಣ ವೃತ್ತವೇ. ವೃತ್ತವನ್ನು ಓರೆಯಾಗಿ ತಳ್ಳಿದರೆ ಅದು ಮೂಲೆಯಿಂದ ಮೂಲೆಗೆ ಎಳೆದ ಅಂಡಾಕಾರವಾಗುತ್ತದೆ. ಅದರ ಗೆರೆಯ ದಪ್ಪ ಒಂದು ಮೂಲೆಯಲ್ಲಿ ತೆಳ್ಳಗಾಗಿ ಇನ್ನೊಂದು ಮೂಲೆಯಲ್ಲಿ ಉಬ್ಬುತ್ತದೆ. ಕೈಯಲ್ಲಿ ಲೇಖನಿ ಹಿಡಿದು ವೇಗವಾಗಿ ಬರೆದಾಗಲೂ ವೃತ್ತ ಅಂಡಾಕಾರವಾಗುತ್ತದೆ, ನಿಜ. ಆದರೆ ಆಗ ದಪ್ಪ ಬೀಳುವುದು ಕೈ ಒತ್ತಿದ ಕಡೆ. ಯಂತ್ರಕ್ಕೆ ಒತ್ತುವ ಕೈ ಇಲ್ಲ. ಓದುಗನಿಗೆ ಕಾರಣ ಹೇಳಲು ಬರದಿದ್ದರೂ ಅಕ್ಷರ ಎಲ್ಲೋ ಸೊಟ್ಟಗಿದೆ ಎಂದು ಅನಿಸುವುದು ಇದರಿಂದಲೇ.

ಕಲ್ಲು, ಕಲ್ಲಚ್ಚು, ಮೊಳೆ

ಅಣ್ಣಿಗೇರಿ ಕಲ್ಯಾಣಿ ಚಾಲುಕ್ಯರ ಕಾಲದ ಅಮೃತೇಶ್ವರ ದೇವಾಲಯದ ಊರು. ಬಾದಾಮಿ ಚಾಲುಕ್ಯರ ಎರಡನೆಯ ಕೀರ್ತಿವರ್ಮನ ಕಾಲದ, ಎಂಟನೆಯ ಶತಮಾನದ ಕಂಬಶಾಸನವೂ ಇಲ್ಲಿದೆ. ಪಂಪನ ತಾಯಿಯ ತವರು ಈ ಊರೆಂದು ಅವನ ತಮ್ಮ ಜಿನವಲ್ಲಭನ ಕುರ್ಕ್ಯಾಲದ ಶಾಸನದಿಂದ ತಿಳಿಯುತ್ತದೆ. ಅಕ್ಷರವಿನ್ಯಾಸದ ದೃಷ್ಟಿಯಿಂದ ಇಂಥ ಊರುಗಳ ಮಹತ್ವ ಇರುವುದು ಒಂದೇ ಲಿಪಿಯ ಹಲವು ಶತಮಾನಗಳ ರೂಪ ಇಲ್ಲಿ ಒಂದೇ ಕಡೆ ಓದಲು ಸಿಗುತ್ತದೆ ಎಂಬುದರಲ್ಲಿ. ಎಂಟನೆಯ ಶತಮಾನದ ಅಕ್ಷರಕ್ಕೆ ಮೂಲೆಗಳಿವೆ. ಹನ್ನೊಂದು, ಹನ್ನೆರಡನೆಯ ಶತಮಾನಕ್ಕೆ ಬರುವಷ್ಟರಲ್ಲಿ ಅದು ದುಂಡಗಾಗಿ, ತಲೆಕಟ್ಟು ಬೆಳೆದು, ಇಂದಿನ ಕನ್ನಡ ಓದುಗ ಅಲ್ಲೊಂದು ಇಲ್ಲೊಂದು ಅಕ್ಷರ ಗುರುತಿಸಬಲ್ಲಷ್ಟು ಹತ್ತಿರ ಬಂದಿರುತ್ತದೆ. ಈ ಕಾಲದ ಗುಡಿಗಳಿಗೆ ಬಳಸಿದ ನುಣುಪಾದ ಬಳಪದ ಕಲ್ಲು ಉಳಿಗೆ ಸುಲಭವಾಗಿ ಒದಗುವುದರಿಂದ ತೆಳುವಾದ ಎಳೆಗಳನ್ನೂ ಕೊರೆಯಲು ಸಾಧ್ಯವಾಯಿತು.

ಅನೇಕ ಶಾಸನಗಳ ಕೊನೆಯಲ್ಲಿ ಪಾಠ ರಚಿಸಿದ ಕವಿ, ಅದನ್ನು ಬರೆದಾತ, ಕಂಡರಿಸಿದ ರೂವಾರಿ, ಮೂವರ ಹೆಸರೂ ಬೇರೆ ಬೇರೆಯಾಗಿ ಬರುತ್ತದೆ. ಅಂದರೆ ಅಕ್ಷರ ಮೊದಲು ಕಲ್ಲಿನ ಮೇಲೆ ಕೈಬರಹವಾಗಿ ಇಳಿಯುತ್ತಿತ್ತು, ಆಮೇಲೆ ಉಳಿ ಅದನ್ನು ಹಿಂಬಾಲಿಸುತ್ತಿತ್ತು. ವೆನಿಸ್‌ನಲ್ಲಿ ಗ್ರಿಫೊ ಮಾಡಿದ್ದೂ ಇದನ್ನೇ: ಬರಹಗಾರನ ಕೈಯ ಓಟವನ್ನು ಲೋಹದಲ್ಲಿ ಕೊರೆದ. ಕನ್ನಡಕ್ಕೆ ನಿಜವಾದ ಓರೆಯಕ್ಷರ ಬೇಕೆಂದರೆ ಹುಡುಕಬೇಕಾದ ಜಾಗ ಇದು, ಬರೆದಾತನ ಕೈ.

ಆ ಕೈಯ ಓಟ ಅಚ್ಚಿಗೆ ಬಂದ ಕಾಲವೂ ಒಂದಿತ್ತು. 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ ಹೊರತಂದ ‘ಮಂಗಳೂರ ಸಮಾಚಾರ’ ಮಂಗಳೂರಿನ ಬಾಸೆಲ್ ಮಿಶನ್ನಿನ ಕಲ್ಲಚ್ಚಿನಲ್ಲಿ ಮುದ್ರಣವಾಯಿತು. ಕಲ್ಲಚ್ಚಿನಲ್ಲಿ ಮೊಳೆ ಇರುವುದಿಲ್ಲ. ಕೈಯಿಂದ ಬರೆದದ್ದೇ ಕಲ್ಲಿನಿಂದ ಕಾಗದಕ್ಕೆ ಇಳಿಯುತ್ತದೆ. ಹಾಗಾಗಿ ಅಕ್ಷರಗಳ ಸಹಜ ಬಾಗು, ಒಂದು ಇನ್ನೊಂದರ ಕಡೆ ಚಾಚುವ ಎಳೆ, ಸಾಲಿನ ಏರಿಳಿತ ಎಲ್ಲವೂ ಹಾಗೇ ಉಳಿಯುತ್ತವೆ. ಮೊಳೆಯಲ್ಲಿ ಅಚ್ಚಾದ ಕನ್ನಡ ಇದಕ್ಕೂ ಹಳೆಯದು. ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಸಿರಾಂಪುರದಿಂದ ಬಂದಿತ್ತು. ಮುಂದೆ ಬಾಸೆಲ್ ಮಿಶನ್ ಮುದ್ರಣಾಲಯವೂ ಮೊಳೆಗೆ ತಿರುಗಿತು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ಅವರ ನಿಘಂಟು ಆ ಪರಂಪರೆಯ ದೊಡ್ಡ ಸಾಧನೆ. ಮೊಳೆ ಬಂದಂತೆ ಕನ್ನಡ ಅಕ್ಷರ ನೆಟ್ಟಗೆ ನಿಂತಿತು, ಒಂದೊಂದೂ ತನ್ನ ಚೌಕದೊಳಗೆ.

ಮೊಳೆಯ ಕಾಲದಲ್ಲಿ ಓರೆಯಕ್ಷರಕ್ಕೆ ಜಾಗವಿರಲಿಲ್ಲ ಎಂಬುದಕ್ಕೆ ಕಾರಣ ಹುಡುಕುವುದು ಕಷ್ಟವಲ್ಲ. ಕನ್ನಡದ ಒಂದು ಗಾತ್ರಕ್ಕೆ ಮೂಲಾಕ್ಷರ, ಗುಣಿತ, ಒತ್ತು, ಅಂಕಿ ಎಲ್ಲ ಸೇರಿ ನೂರಾರು ಮನೆಗಳ ಕೇಸು ಬೇಕು. ಓರೆಗೆಂದು ಇನ್ನೊಂದು ಅಷ್ಟೇ ದೊಡ್ಡ ಕೇಸು ಇಡುವುದು ಟ್ರೆಡಲ್ ಯಂತ್ರದ ಸಣ್ಣ ಪ್ರೆಸ್ಸಿಗೆ ಆಗದ ಮಾತು. ಮೇಲಾಗಿ ವಾಲಿದ ಮೊಳೆಯ ತುದಿ ತನ್ನ ಸೀಸದ ಒಡಲಿನಿಂದ ಆಚೆ ಚಾಚಬೇಕಾಗುತ್ತದೆ. ಹಾಗೆ ಚಾಚಿದ ಭಾಗ ಒತ್ತಡಕ್ಕೆ ಮುರಿಯುತ್ತದೆ. ಇಂಗ್ಲಿಷಿನಲ್ಲಿ ಒಂದೆರಡು ಅಕ್ಷರಕ್ಕೆ ಬರುವ ಈ ಕಾಟ ಕನ್ನಡದಲ್ಲಿ ಗುಡಿಸು ಇರುವ ಪ್ರತಿ ಅಕ್ಷರಕ್ಕೂ ಬರುತ್ತದೆ. ಆದ್ದರಿಂದ ಕಂಪೋಜಿಟರುಗಳು ಬೇರೆ ದಾರಿ ಹಿಡಿದರು: ದಪ್ಪಕ್ಷರ, ದೊಡ್ಡ ಗಾತ್ರ, ಅಕ್ಷರಗಳ ನಡುವೆ ತೆರಪು, ಉದ್ಧರಣ ಚಿಹ್ನೆ, ಕಂಸ, ಅಡಿಗೆರೆ. ನಾಟಕದ ರಂಗಸೂಚನೆ ಕಂಸದೊಳಗೆ, ಪುಸ್ತಕದ ಹೆಸರು ಒಂಟಿ ಉದ್ಧರಣದೊಳಗೆ ಬರುವ ಇಂದಿನ ಪದ್ಧತಿ ಈ ಅನಿವಾರ್ಯದಿಂದ ಬಂದದ್ದು. ಅದು ಕನ್ನಡ ಪುಟದ ಸ್ವಂತ ಶಿಸ್ತಾಗಿ ನೆಲೆಗೊಂಡಿದೆ, ಮತ್ತು ಒಳ್ಳೆಯ ಶಿಸ್ತೇ. 1933ರಲ್ಲಿ ಜಿ.ಬಿ. ಜೋಶಿಯವರು ಧಾರವಾಡದಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆಯ ಪುಸ್ತಕಗಳನ್ನು, 1956ರಿಂದ ಹುಬ್ಬಳ್ಳಿಯಿಂದ ಬಂದ ‘ಕಸ್ತೂರಿ’ ಮಾಸಿಕವನ್ನು ತಲೆಮಾರುಗಳ ಓದುಗರು ಓದಿದರು. ಓರೆಯಕ್ಷರವಿಲ್ಲದ್ದು ಕೊರತೆ ಎಂದು ಯಾರಿಗೂ ಅನಿಸಲಿಲ್ಲ.

ಕಾಗದಪತ್ರದ ಲೋಕ ಬೇರೆಯಾಗಿತ್ತು. ಮುಂಬಯಿ ಪ್ರಾಂತದ ಈ ಭಾಗದಲ್ಲಿ, ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದ ಕುಂದಗೋಳದಲ್ಲಂತೂ, ಹಳೆಯ ದಫ್ತರಗಳಲ್ಲಿ ಮರಾಠಿಯ ಮೋಡಿ ಲಿಪಿ ನಡೆಯುತ್ತಿತ್ತು. ಲೇಖನಿ ಎತ್ತದೆ ಸಾಲಿನುದ್ದಕ್ಕೂ ಓಡುವ ಬರಹ ಅದು. ಶಾಲೆಯಲ್ಲಿ ಮಾತ್ರ ಮಾಸ್ತರರು ಕೇಳುತ್ತಿದ್ದದ್ದು ‘ಮುತ್ತಿನಂಥ ಅಕ್ಷರ’: ದುಂಡಗೆ, ಬಿಡಿಬಿಡಿಯಾಗಿ, ನೆಟ್ಟಗೆ. ಓಡುವ ಬರಹ ಕಚೇರಿಗೆ, ದುಂಡಕ್ಷರ ಪುಸ್ತಕಕ್ಕೆ ಎಂಬ ಈ ವಿಂಗಡಣೆಯಿಂದಾಗಿ ಕನ್ನಡದ ಓಟದ ಕೈಬರಹ ಅಚ್ಚಕ್ಷರದ ಮಾದರಿಯಾಗುವ ಅವಕಾಶ ತಪ್ಪಿಹೋಯಿತು.

ಊರುಗಳಲ್ಲಿನ ಬಳಕೆ

ಇಂದು ಗ್ರಾಮೀಣ ಧಾರವಾಡದಲ್ಲಿ ಓರೆಯಕ್ಷರ ಅತಿ ಹೆಚ್ಚು ಕಾಣುವುದು ಲಗ್ನಪತ್ರಿಕೆಯಲ್ಲಿ. ಪತ್ರಿಕೆಗೆ ತನ್ನದೇ ಕ್ರಮವಿದೆ. ನೆತ್ತಿಯಲ್ಲಿ ಕುಲದೇವರ ‘ಪ್ರಸನ್ನ’, ಅದರ ಕೆಳಗೆ ಮಠದ ಸ್ವಾಮಿಗಳ ಆಶೀರ್ವಾದ, ಹಿರಿಯರ ಹೆಸರು, ನಡುವೆ ‘ಚಿ.’ ಮತ್ತು ‘ಚಿ. ಸೌ.’ ಜೋಡಿ, ಬಳಿಕ ಮುಹೂರ್ತ, ಸ್ಥಳ, ಕೊನೆಗೆ ‘ಸುಖಾಗಮನ ಬಯಸುವವರು’. ಇದರಲ್ಲಿ ವಧೂವರರ ಹೆಸರಿಗೆ ಮಾತ್ರ ಓರೆ ಅಥವಾ ಸುರುಳಿ ಅಕ್ಷರ, ಉಳಿದದ್ದಕ್ಕೆ ನೆಟ್ಟಗಿನದು, ಸ್ಥಳ-ವೇಳೆಗೆ ದಪ್ಪಕ್ಷರ ಎಂಬುದು ಚೆನ್ನಾಗಿ ಮಾಡಿದ ಪತ್ರಿಕೆಯ ಲಕ್ಷಣ. ಎರಡೇ ಹೆಸರು ಬಾಗಿದಾಗ ಕಣ್ಣು ಅಲ್ಲಿಗೇ ಹೋಗುತ್ತದೆ. ಆದರೆ ತಾಲ್ಲೂಕಿನ ಡಿಟಿಪಿ ಅಂಗಡಿಯಲ್ಲಿ ಕೋರೆಲ್‌ಡ್ರಾ ತೆರೆದು ಕೂತವರಿಗೆ ಯಾವ ಅಕ್ಷರವನ್ನಾದರೂ ಎಷ್ಟು ಡಿಗ್ರಿಯಾದರೂ ಎಳೆಯಲು ಬರುತ್ತದೆ; ಗಿರಾಕಿ ‘ಸ್ಟೈಲ್ ಮಾಡ್ರಿ’ ಎಂದ ಮೇಲೆ ಇಡೀ ಪತ್ರಿಕೆಯೇ ವಾಲುತ್ತದೆ. ‘ಅಣ್ಣಿಗೇರಿ’ಯ ಒತ್ತು ‘ಣ’ದ ಕೆಳಗೆ ಸಿಕ್ಕಿಬೀಳುವುದು, ಹಿರಿಯರ ಹೆಸರಿನ ‘ಪ್ಪ’ ಬಿಟ್ಟುಹೋದಂತೆ ಕಾಣುವುದು ಇಲ್ಲಿಯೇ. ಬಸಪ್ಪ, ನಿಂಗಪ್ಪ, ಯಲ್ಲಪ್ಪ, ಮಲ್ಲವ್ವ, ನೀಲವ್ವ: ಈ ಸೀಮೆಯ ಹೆಸರುಗಳಲ್ಲಿ ಒತ್ತಿಲ್ಲದ್ದು ಅಪರೂಪ. ಒತ್ತನ್ನು ಕೆಡಿಸುವ ಅಕ್ಷರಶೈಲಿ ಇಲ್ಲಿನ ಮನುಷ್ಯರ ಹೆಸರನ್ನೇ ಕೆಡಿಸಿದಂತೆ, ಅದಕ್ಕಾಗಿಯೇ ಇದು ಬರೀ ಅಲಂಕಾರದ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಪೇಂಟರುಗಳ ಕೆಲಸ ಇದಕ್ಕಿಂತ ಎಷ್ಟೋ ಮೇಲು. ಅಂಗಡಿಯ ಫಲಕ, ಲಾರಿಯ ಹಣೆ, ಟ್ರ್ಯಾಕ್ಟರ್ ಟ್ರೇಲರಿನ ಹಿಂಬದಿಯ ತಗಡು, ಗೋಡೆಯ ಜಾಹೀರಾತು ಇವುಗಳ ಮೇಲೆ ಚಪ್ಪಟೆ ಬ್ರಶ್ಶಿನಿಂದ ಎನಾಮಲ್ ಬಣ್ಣದಲ್ಲಿ ಬರೆಯುವ ಓರೆಯಕ್ಷರ ನಿಜವಾಗಿ ಓರೆಯಾಗಿಯೇ ಹುಟ್ಟುತ್ತದೆ. ಪೇಂಟರು ಮೊದಲು ಸುಣ್ಣದ ಪುಡಿ ಹಚ್ಚಿದ ದಾರದಿಂದ ಮೇಲೆ ಕೆಳಗೆ ಎರಡು ಗೆರೆ ಹೊಡೆಯುತ್ತಾರೆ, ಸೀಮೆಸುಣ್ಣದಲ್ಲಿ ಅಕ್ಷರದ ಒಡಲನ್ನು ಗುರುತು ಮಾಡಿಕೊಳ್ಳುತ್ತಾರೆ. ಒಡಲು ವಾಲುತ್ತದೆ, ಒತ್ತು ಮಾತ್ರ ಎಡಕ್ಕೆ ಹೋಗುವುದಿಲ್ಲ. ಅಲ್ಲಿ ಕೈ ತಾನೇ ಸ್ವಲ್ಪ ಬಲಕ್ಕೆ ಸರಿದು, ಒತ್ತನ್ನು ಚಿಕ್ಕದು ಮಾಡಿ, ಮೂಲಾಕ್ಷರದ ಪಕ್ಕಕ್ಕೆ ಕೂರಿಸುತ್ತದೆ. ತಲೆಕಟ್ಟು ಬ್ರಶ್ಶಿನ ಒಂದೇ ಎಳೆತದಲ್ಲಿ ದಪ್ಪದಿಂದ ತೆಳುವಿಗೆ ಏರುತ್ತದೆ. ಕೊನೆಯ ಅಕ್ಷರದ ದೀರ್ಘವನ್ನು ಹೆಸರಿನ ಅಡಿಯವರೆಗೂ ಬಾಲದಂತೆ ಎಳೆದು ಅಡಿಗೆರೆಯಾಗಿಸುವುದೂ ಉಂಟು. ಇವೆಲ್ಲ ಯಾವ ಪುಸ್ತಕದಲ್ಲೂ ಬರೆದಿಟ್ಟ ನಿಯಮಗಳಲ್ಲ. ಆದರೆ ಅಕ್ಷರವಿನ್ಯಾಸಕಾರ ಕಂಪ್ಯೂಟರಿನಲ್ಲಿ ಮಾಡಬೇಕಾದ ತಿದ್ದುಪಡಿಗಳೆಲ್ಲ ಇದರಲ್ಲಿವೆ. ಫ್ಲೆಕ್ಸ್ ಬಂದ ಮೇಲೆ ಈ ಕೆಲಸ ಕಡಿಮೆಯಾಗಿದೆ. ಉಳಿದಿರುವ ಫಲಕಗಳ ಫೋಟೋ ತೆಗೆದಿಡುವುದು ಕನ್ನಡ ಅಕ್ಷರವಿನ್ಯಾಸಕ್ಕೆ ಆಗಬೇಕಾದ ತುರ್ತು ಕೆಲಸ ಎಂಬುದು ಈ ಲೇಖಕನ ಖಚಿತ ಅಭಿಪ್ರಾಯ.

ನವಲಗುಂದದ ಜಮಖಾನೆ ಇನ್ನೊಂದು ಪಾಠ ಹೇಳುತ್ತದೆ. ಅಲ್ಲಿನ ಹೆಣ್ಣುಮಕ್ಕಳು ನಿಲುವುಮಗ್ಗದಲ್ಲಿ ನೇಯುವ ನವಿಲು, ಪಗಡೆಯ ಹಾಸುಗಳಲ್ಲಿ ಪ್ರತಿ ಆಕಾರವೂ ಹಾಸುಹೊಕ್ಕಿನ ಚೌಕಗಳಲ್ಲಿ ಕೂರಬೇಕು. ಓರೆಗೆರೆ ಅಲ್ಲಿ ಮೆಟ್ಟಿಲಾಗುತ್ತದೆ. ಹಳೆಯ ಕಂಪ್ಯೂಟರ್ ಪರದೆಯಲ್ಲಿ, ಅಗ್ಗದ ಡಾಟ್ ಮ್ಯಾಟ್ರಿಕ್ಸ್ ಮುದ್ರಣದಲ್ಲಿ, ಬಸ್ಸಿನ ಎಲ್‌ಇಡಿ ಫಲಕದಲ್ಲಿ ಓರೆಯಕ್ಷರಕ್ಕೆ ಆಗುವುದೂ ಅದೇ. ಚುಕ್ಕೆ ಒರಟಾದಷ್ಟೂ ಓರೆ ಒಡೆದು ಕಾಣುತ್ತದೆ. ದೂರದಿಂದ ಬೇಗ ಓದಬೇಕಾದ ಬಸ್ಸಿನ ಫಲಕಕ್ಕೆ ನೆಟ್ಟಗಿನ ಅಕ್ಷರವೇ ಸರಿ.

ಓರೆಯಕ್ಷರ ನಿಜವಾಗಿ ಬೇಕಾಗುವ ಕಡೆಯೂ ಇದೆ. ಧಾರವಾಡ ಕೃಷಿ ವಿಶ್ವವಿದ್ಯಾಲಯದಂಥ ಸಂಸ್ಥೆಗಳು ತರುವ ಬೆಳೆ, ಕೀಟ, ರೋಗದ ಕನ್ನಡ ಕೈಪಿಡಿಗಳಲ್ಲಿ ಶಾಸ್ತ್ರೀಯ ಹೆಸರು ಬಂದೇ ಬರುತ್ತದೆ. ಹತ್ತಿಗೆ ಗಾಸಿಪಿಯಂ ಹಿರ್ಸುಟಮ್, ಒಣಮೆಣಸಿನಕಾಯಿಗೆ ಕ್ಯಾಪ್ಸಿಕಂ ಆನ್ಯುಯಮ್, ಹತ್ತಿಯ ಗುಲಾಬಿ ಕಾಯಿಕೊರಕಕ್ಕೆ ಪೆಕ್ಟಿನೋಫೋರಾ ಗಾಸಿಪಿಯೆಲ್ಲಾ. ರೋಮನ್ ಲಿಪಿಯಲ್ಲಿ ಬರೆದರೆ ಇವುಗಳನ್ನು ಓರೆಯಲ್ಲಿ ಹಾಕುವುದು ಜಗತ್ತಿನಾದ್ಯಂತದ ವಾಡಿಕೆ. ಕನ್ನಡ ಲಿಪಿಯಲ್ಲಿ ಬರೆದಾಗಲೂ ಓದುಗನಿಗೆ ಇದು ಹೊರಗಿನಿಂದ ಬಂದ ಹೆಸರು, ಬಿಡಿಸಿ ಓದಬೇಕು ಎಂಬ ಸೂಚನೆ ಸಿಗಬೇಕು. ಇಲ್ಲಿ ಸ್ವಲ್ಪವೇ ವಾಲಿದ, ಒತ್ತು ಸರಿಯಾಗಿ ಕೂತ ಓರೆಯಕ್ಷರ ದಪ್ಪಕ್ಷರಕ್ಕಿಂತ ಒಳ್ಳೆಯದು. ದಪ್ಪಕ್ಷರ ಹೆಸರನ್ನು ಕೂಗಿ ಹೇಳುತ್ತದೆ, ಓರೆ ದನಿಯನ್ನಷ್ಟೇ ಬದಲಿಸುತ್ತದೆ. ಕತೆಯೊಳಗಿನ ಪತ್ರ, ನೆನಪಿನ ಭಾಗ, ಮುನ್ನುಡಿಯ ಕೆಳಗಿನ ಸಂಪಾದಕರ ಟಿಪ್ಪಣಿ ಇವಕ್ಕೂ ಅದೇ ಕಾರಣಕ್ಕೆ ಓರೆ ಒಪ್ಪುತ್ತದೆ. ಪುಟಗಟ್ಟಲೆ ಓರೆ ಹಾಕಿದರೆ ಮಾತ್ರ ಕಣ್ಣು ಸೋಲುತ್ತದೆ. ಪಹಣಿ, ಔಷಧದ ಚೀಟಿ, ಪರೀಕ್ಷೆಯ ಪ್ರಶ್ನೆಪತ್ರಿಕೆ, ಮತದಾರರ ಪಟ್ಟಿ ಇಂಥ ಕಡೆ ಒಂದು ಅಕ್ಷರ ತಪ್ಪಿದರೂ ಮನುಷ್ಯನಿಗೆ ನಷ್ಟ. ಅಲ್ಲಿ ಓರೆಗೆ ಸ್ಥಾನವಿಲ್ಲ.

ಗಣಕದ ಅಕ್ಷರಗಳು

ಕನ್ನಡ ಟೈಪ್‌ರೈಟರಿನಲ್ಲಿ ಓರೆ ಇರಲಿಲ್ಲ, ಅಡಿಗೆರೆಯೇ ಅದರ ಕೆಲಸ ಮಾಡುತ್ತಿತ್ತು. ಕಂಪ್ಯೂಟರಿನಲ್ಲಿ ಕನ್ನಡ ನೆಲೆಯೂರಲು ಕೆ.ಪಿ. ರಾವ್ ಅವರ ಧ್ವನಿಯಾಧಾರಿತ ಕೀಲಿಮಣೆ ವಿನ್ಯಾಸ, ಶೇಷಾದ್ರಿವಾಸು ಚಂದ್ರಶೇಖರನ್ ಅವರ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ, ಪುಣೆಯ ಮಾಡ್ಯುಲರ್ ಸಂಸ್ಥೆಯ ಶ್ರೀಲಿಪಿ ದಾರಿ ಮಾಡಿದವು. ಡಿಟಿಪಿ ಅಂಗಡಿಗಳ ಅಲಂಕಾರಿಕ ಅಕ್ಷರಗಳಲ್ಲಿ ಅನೇಕವು ಇಂದಿಗೂ ಈ ಹಳೆಯ, ಯುನಿಕೋಡ್‌ಗೆ ಸೇರದ ಸಂಗ್ರಹದವು.

ವಿಂಡೋಸ್‌ನೊಡನೆ ಬಂದ ತುಂಗಾ ಅಕ್ಷರಕ್ಕೆ ಸಾಧಾರಣ ಮತ್ತು ದಪ್ಪ ರೂಪಗಳಿವೆ, ಓರೆ ಇಲ್ಲ. ನಂತರದ ನಿರ್ಮಲಾ ಯುಐಗೂ ಇಲ್ಲ. ಗೂಗಲ್‌ನ ನೋಟೋ ಸ್ಯಾನ್ಸ್ ಕನ್ನಡ, ನೋಟೋ ಸೆರಿಫ್ ಕನ್ನಡ ಎರಡಕ್ಕೂ ಇಲ್ಲ. ಹೀಗಿದ್ದೂ ಬರೆಯುವ ತಂತ್ರಾಂಶದಲ್ಲಿ ಓರೆಯ ಗುಂಡಿ ಒತ್ತಿದರೆ ಅಕ್ಷರ ವಾಲುತ್ತದೆ, ಏಕೆಂದರೆ ತಂತ್ರಾಂಶ ತಾನೇ ನೆಟ್ಟಗಿನ ರೂಪವನ್ನು ತಳ್ಳುತ್ತದೆ. ಬ್ರೌಸರುಗಳ ಈಚಿನ ಮಾನದಂಡದಲ್ಲಿ ಹೀಗೆ ತಳ್ಳುವ ಕೋನ 14 ಡಿಗ್ರಿ ಎಂದಿದೆ. ರೋಮನ್ ಅಕ್ಷರಕ್ಕೆ ಒಪ್ಪುವ ಆ ಕೋನ ಮೂರು ಅಂತಸ್ತಿನ ಕನ್ನಡಕ್ಕೆ ಅತಿಯಾಯಿತು.

ಇದಕ್ಕೆ ಹೊರತಾದ ಪ್ರಯತ್ನಗಳಲ್ಲಿ ಟೀರೊ ಕನ್ನಡ ಮುಖ್ಯವಾದದ್ದು. ಕೆನಡಾದ ಟೀರೊ ಟೈಪ್‌ವರ್ಕ್ಸ್ ರೂಪಿಸಿದ ಈ ಅಕ್ಷರದ ಬೇರು ಹಾರ್ವರ್ಡ್ ವಿಶ್ವವಿದ್ಯಾಲಯ ಮುದ್ರಣಾಲಯದ ಮೂರ್ತಿ ಕ್ಲಾಸಿಕಲ್ ಲೈಬ್ರರಿ ಮಾಲೆಯ ಕೆಲಸದಲ್ಲಿದೆ; ರಾಘವಾಂಕನ ಹರಿಶ್ಚಂದ್ರ ಕಾವ್ಯ ಆ ಮಾಲೆಯಲ್ಲಿ ವನಮಾಲಾ ವಿಶ್ವನಾಥ ಅವರ ಇಂಗ್ಲಿಷ್ ಅನುವಾದದೊಡನೆ ಬಂದಿದೆ. ಇಪ್ಪತ್ತನೆಯ ಶತಮಾನದ ಆರಂಭದ ಕನ್ನಡ ಮೊಳೆಗಳ ಗತ್ತನ್ನು ಉಳಿಸಿಕೊಂಡ ಟೀರೊ ಕನ್ನಡಕ್ಕೆ ಓರೆ ಜೊತೆಗಾರನೂ ಇದೆ, ಉಚಿತವಾಗಿಯೂ ಸಿಗುತ್ತದೆ. ಎರಿನ್ ಮೆಕ್ಲಾಫ್ಲಿನ್ ವಿನ್ಯಾಸಗೊಳಿಸಿ ‘ಹುಬ್ಬಳ್ಳಿ’ ಎಂದೇ ಹೆಸರಿಟ್ಟ ಅಕ್ಷರ ಇನ್ನೊಂದು ಬಗೆಯದು: ಒಂದೇ ದಪ್ಪದ ಗೆರೆ, ಸಲಿಗೆಯ ಚಹರೆ, ಓರೆ ರೂಪವಿಲ್ಲ. ವೈಷ್ಣವಿ ಮೂರ್ತಿ ಮತ್ತು ಹುವಾನ್ ಲೂಯಿಸ್ ಬ್ಲಾಂಕೊ ಅವರ ‘ಅಕಾಯ ಕನಡಕ’ದಲ್ಲಿ ಅಕ್ಷರಕ್ಕೆ ಚಲನೆ ಬಂದಿರುವುದು ಎಳೆಯ ಏರಿಳಿತದಿಂದ. ಬಾಗಿಸದೆಯೂ ಕೈಬರಹದ ಜೀವ ತರಬಹುದು ಎಂಬುದಕ್ಕೆ ಅದು ಉದಾಹರಣೆ.

ಕನ್ನಡಕ್ಕೇ ಎಂದು ಓರೆಯಕ್ಷರ ರೂಪಿಸುವವರು ಗಮನಿಸಬೇಕಾದವನ್ನು ಪೇಂಟರ ಫಲಕವೂ ಮೇಲಿನ ಲೆಕ್ಕವೂ ತೋರಿಸಿಕೊಟ್ಟಿವೆ. ಬಾಗು 6ರಿಂದ 8 ಡಿಗ್ರಿಯೊಳಗಿದ್ದರೆ ಸಾಕು. ಒತ್ತುಗಳನ್ನು ಒಡಲಿನೊಡನೆ ತಳ್ಳದೆ ಪ್ರತ್ಯೇಕವಾಗಿ ಬಿಡಿಸಿ, ಓಪನ್‌ಟೈಪ್‌ನ ಆಧಾರಬಿಂದುಗಳಿಂದ ಮತ್ತೆ ಮೂಲಾಕ್ಷರದ ಬಲಬುಡಕ್ಕೆ ಕಟ್ಟಬೇಕು. ಮಹಾಪ್ರಾಣದ ಸೀಳನ್ನು ಒಡಲಿಗಿಂತ ಕಡಿಮೆ ವಾಲಿಸಿ, ಸುತ್ತ ಬಿಳಿ ಜಾಗ ಬಿಡಬೇಕು. ಸೊನ್ನೆ ದುಂಡಾಗಿಯೇ ಇರಲಿ. ವೃತ್ತದ ದಪ್ಪವನ್ನು ಓಟದ ಲೇಖನಿ ಒತ್ತುವ ಕಡೆಗೆ ಹೊಸದಾಗಿ ಕೂರಿಸಬೇಕು, ತಲೆಕಟ್ಟು ಒಂದೇ ಎಳೆತದಲ್ಲಿ ಮುಗಿಯಬೇಕು. ಅಂಥ ಅಕ್ಷರ ಕೈಗೆ ಸಿಗುವವರೆಗೆ ಪತ್ರಿಕೆ, ಜಾಲತಾಣ ನಡೆಸುವವರು ತಂತ್ರಾಂಶದ ಸುಳ್ಳು ಓರೆಯನ್ನು ಕನ್ನಡ ಪಠ್ಯಕ್ಕೆ ಮಾತ್ರ ನಿಲ್ಲಿಸಿ, ಆ ಜಾಗದಲ್ಲಿ ಒಂಟಿ ಉದ್ಧರಣವನ್ನೋ ಸ್ವಲ್ಪ ಬೇರೆ ಗಾತ್ರವನ್ನೋ ಬಳಸಬಹುದು. ಜಾಲಪುಟದ ಶೈಲಿಕಡತದಲ್ಲಿ ಫಾಂಟ್-ಸಿಂಥೆಸಿಸ್ ಎಂಬ ಒಂದೇ ಸಾಲಿನ ಸೂಚನೆ ಇದಕ್ಕೆ ಸಾಕಾಗುತ್ತದೆ.